ಶಾಸ್ತ್ರ, ಸಂಪ್ರದಾಯ ಮತ್ತು ಗುರು: ಮಂಟೇಸ್ವಾಮಿ ಪರಂಪರೆಯ ನೆಲೆಯಿಂದ ಒಂದು ಪರಿಶೀಲನೆ

ಪ್ರವೇಶ

ಮದುವೆ ನಿಶ್ಚಯವಾದ ಹಳ್ಳಿಯ ಮನೆಯಲ್ಲಿ 'ಶಾಸ್ತ್ರ' ಎಂಬ ಮಾತು ದಿನಕ್ಕೆ ಹತ್ತಾರು ಬಾರಿ ಕೇಳಿಬರುತ್ತದೆ. ಚಪ್ಪರದ ಶಾಸ್ತ್ರ, ಅರಿಶಿನದ ಶಾಸ್ತ್ರ, ಬಳೆ ಶಾಸ್ತ್ರ ಮುಂತಾದ ಈ ವಿಧಿಗಳನ್ನು ನಡೆಸಿಕೊಡುವವರು ಮನೆಯ ಹಿರಿಯ ಮುತ್ತೈದೆಯರು. ಇವು ಯಾವ ಗ್ರಂಥದಲ್ಲಿವೆ ಎಂದು ಯಾರೂ ಕೇಳುವುದಿಲ್ಲ. 'ನಮ್ಮಲ್ಲಿ ಹೀಗೆ' ಎಂಬ ಮಾತೇ ಅಲ್ಲಿ ಆಧಾರ. ಇದೇ ಪದಕ್ಕೆ ಜನಬಳಕೆಯಲ್ಲಿ ಇನ್ನೆರಡು ಅರ್ಥಗಳಿವೆ. ಕಣಿ ಹೇಳುವ ಕೊರವಂಜಿ 'ಶಾಸ್ತ್ರ ಹೇಳುತ್ತಾಳೆ'. ಅಲ್ಲಿ ಶಾಸ್ತ್ರವೆಂದರೆ ಬಲ್ಲವರ ಬಾಯಿಂದ ಬರುವ ಮಾತು. ಹಸಿವಿಲ್ಲದ ನೆಂಟ 'ಶಾಸ್ತ್ರಕ್ಕೆ' ಒಂದು ತುತ್ತು ಉಣ್ಣುತ್ತಾನೆ. ಅಲ್ಲಿ ಶಾಸ್ತ್ರವೆಂದರೆ ಒಳತಿರುಳು ಕಳೆದುಕೊಂಡ ಬರಿಯ ರೀತಿ.

ಒಂದೇ ಪದದ ಈ ಮೂರು ಅರ್ಥಗಳಲ್ಲಿ ಪ್ರಸ್ತುತ ಲೇಖನದ ವಿಷಯವೆಲ್ಲ ಅಡಗಿದೆ ಎನ್ನಬಹುದು. ಶಾಸ್ತ್ರವು ಸಮುದಾಯದ ಸಂಪ್ರದಾಯದಲ್ಲಿ ನೆಲೆಸಿರುತ್ತದೆ, ಬಲ್ಲವರ ಬಾಯಿಂದ ಬರುತ್ತದೆ, ಇವೆರಡರಿಂದಲೂ ಕಳಚಿಕೊಂಡಾಗ ಬರಿಯ ರೀತಿಯಾಗಿ ಉಳಿಯುತ್ತದೆ. ಹಿಂದೂ ಧರ್ಮದ ಬಗೆಗಿನ ಸಾಮಾನ್ಯ ನಿರೂಪಣೆಗಳಲ್ಲಿ ವೇದವನ್ನು ಮೇಲಿನ ಮೆಟ್ಟಿಲಾಗಿಯೂ, ಸ್ಮೃತಿ-ಪುರಾಣಗಳನ್ನು ಅದರ ಕೆಳಗಿನ ಮೆಟ್ಟಿಲಾಗಿಯೂ, ಜನರ ಆಚರಣೆಗಳನ್ನು ಕಟ್ಟಕಡೆಯ ಮೆಟ್ಟಿಲಾಗಿಯೂ ಇರಿಸುವ ಕ್ರಮ ರೂಢಿಯಲ್ಲಿದೆ. ಗುರುವನ್ನು ಈ ಮೆಟ್ಟಿಲುಗಳನ್ನು ಹತ್ತಿಸುವ ಮಾರ್ಗದರ್ಶಕನಂತೆ ಕಾಣಲಾಗುತ್ತದೆ. ಈ ಚಿತ್ರ ಎಷ್ಟರ ಮಟ್ಟಿಗೆ ಸರಿ ಎಂಬುದನ್ನು ಮೊದಲು ಶಾಸ್ತ್ರಗ್ರಂಥಗಳ ಮಾತಿನಿಂದಲೇ, ಅನಂತರ ದಕ್ಷಿಣ ಕರ್ನಾಟಕದ ಮಂಟೇಸ್ವಾಮಿ ಪರಂಪರೆಯ ನಿದರ್ಶನದಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಶಾಸ್ತ್ರ: ಬರೆದದ್ದಲ್ಲ, ಕೇಳಿದ್ದು

ವೇದಕ್ಕೆ ಇರುವ ಹಳೆಯ ಹೆಸರು 'ಶ್ರುತಿ', ಎಂದರೆ ಕೇಳಿದ್ದು. ಸ್ಮೃತಿ ಎಂದರೆ ನೆನಪಿನಲ್ಲಿ ಉಳಿದದ್ದು. ಓದು-ಬರಹಕ್ಕೆ ಸಂಬಂಧಿಸಿದ ಪದಗಳಿಗೆ ಬದಲಾಗಿ ಕಿವಿ ಮತ್ತು ನೆನಪುಗಳಿಗೆ ಸಂಬಂಧಿಸಿದ ಪದಗಳೇ ಪವಿತ್ರ ವಾಙ್ಮಯದ ಎರಡು ಮುಖ್ಯ ವಿಭಾಗಗಳ ಹೆಸರಾಗಿರುವುದು ಗಮನಾರ್ಹ. ಲಿಪಿ ಬಳಕೆಗೆ ಬಂದ ಮೇಲೂ ಬಹುಕಾಲದವರೆಗೆ ವೇದವನ್ನು ಬರಹದಿಂದ ಕಲಿಯುವುದು ಹೀನವೆಂದೇ ಪರಿಗಣಿತವಾಗಿತ್ತು. ಪದಪಾಠ, ಕ್ರಮಪಾಠ, ಜಟಾಪಾಠ, ಘನಪಾಠ ಮೊದಲಾದ ಪಠಣಕ್ರಮಗಳು ರೂಪುಗೊಂಡದ್ದು ಬರಹದ ನೆರವಿಲ್ಲದೆ ಒಂದು ಸ್ವರವೂ ತಪ್ಪದಂತೆ ಮಂತ್ರವನ್ನು ಕಾಯುವುದಕ್ಕಾಗಿ. ಪದಗಳನ್ನು ಮುಂದಕ್ಕೂ ಹಿಂದಕ್ಕೂ ಹೆಣೆದು ಹೇಳುವುದರಿಂದ ಒಂದು ಕಡೆಯ ತಪ್ಪು ಮತ್ತೊಂದು ಕಡೆ ಸಿಕ್ಕಿಬೀಳುತ್ತದೆ. ಯುನೆಸ್ಕೊ ಸಂಸ್ಥೆಯು 2003ರಲ್ಲಿ ವೇದಪಠಣ ಪರಂಪರೆಯನ್ನು ಮನುಕುಲದ ಮೌಖಿಕ ಪರಂಪರೆಗಳ ಸಾಲಿನಲ್ಲಿ ಘೋಷಿಸಿ, 2008ರಲ್ಲಿ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದ್ದನ್ನು ಇಲ್ಲಿ ನೆನೆಯಬಹುದು. ಶಿಷ್ಟವೆಂದು ನಾವು ಕರೆಯುವ ಪರಂಪರೆಯ ಶಿಖರವೇ ಮೌಖಿಕವಾಗಿದೆ.

ವೇದದ ಸ್ಥಾನವನ್ನು ಕುರಿತು ಧರ್ಮಸೂತ್ರಗಳು ಹೇಳುವ ಮಾತುಗಳೂ ನಾವೆಣಿಸಿದಷ್ಟು ಸರಳವಲ್ಲ. ಆಪಸ್ತಂಬ ಧರ್ಮಸೂತ್ರವು ತನ್ನ ಆರಂಭದಲ್ಲಿಯೇ ಸಮಯಾಚಾರದಿಂದ, ಎಂದರೆ ಒಪ್ಪಿತ ನಡವಳಿಕೆಯಿಂದ, ಸಿದ್ಧವಾದ ಧರ್ಮಗಳನ್ನು ವಿವರಿಸುವುದಾಗಿ ಹೇಳುತ್ತದೆ. ಧರ್ಮಜ್ಞರ ಒಪ್ಪಂದವನ್ನು ಪ್ರಮಾಣವೆಂದು ಮೊದಲು ಹೇಳಿ, ವೇದಗಳೂ ಪ್ರಮಾಣವೆಂದು ಅನಂತರ ಸೇರಿಸುತ್ತದೆ. ಮನುಸ್ಮೃತಿಯ ಎರಡನೆಯ ಅಧ್ಯಾಯವು ಧರ್ಮದ ಮೂಲಗಳನ್ನು ಎಣಿಸುವಾಗ ವೇದ, ಸ್ಮೃತಿಗಳ ಜೊತೆಗೆ ಸಜ್ಜನರ ಆಚಾರವನ್ನೂ ಆತ್ಮತುಷ್ಟಿಯನ್ನೂ ಹೇಳುತ್ತದೆ. ಉಪನಿಷತ್ತುಗಳು ಇನ್ನೂ ಮುಂದೆ ಹೋಗುತ್ತವೆ. ಮುಂಡಕೋಪನಿಷತ್ತು ನಾಲ್ಕು ವೇದಗಳನ್ನೂ ಅಪರಾ ವಿದ್ಯೆಯ ಸಾಲಿಗೆ ಸೇರಿಸಿ, ಅಕ್ಷರತತ್ತ್ವವನ್ನು ತಿಳಿಸುವುದೇ ಪರಾ ವಿದ್ಯೆ ಎನ್ನುತ್ತದೆ. ಭಗವದ್ಗೀತೆಯು ಹದಿನಾರನೆಯ ಅಧ್ಯಾಯದಲ್ಲಿ ಕಾರ್ಯಾಕಾರ್ಯ ನಿರ್ಣಯಕ್ಕೆ ಶಾಸ್ತ್ರವೇ ಪ್ರಮಾಣವೆಂದು ಹೇಳಿದರೂ, ಎರಡನೆಯ ಅಧ್ಯಾಯದಲ್ಲಿ ಎಲ್ಲೆಡೆ ನೀರು ತುಂಬಿರುವಾಗ ಬಾವಿಯಿಂದ ಎಷ್ಟು ಪ್ರಯೋಜನವೋ ಅರಿತವನಿಗೆ ವೇದಗಳಿಂದ ಅಷ್ಟೇ ಪ್ರಯೋಜನವೆಂಬ ಹೋಲಿಕೆಯನ್ನು ಕೊಡುತ್ತದೆ. ಶಾಸ್ತ್ರವು ತನ್ನ ಮಿತಿಯನ್ನು ತಾನೇ ಹೇಳಿಕೊಳ್ಳುವ ಈ ಗುಣವನ್ನು ಗಮನಿಸದೆ ಅದರ ಪ್ರಾಮಾಣ್ಯವನ್ನು ಅರ್ಥಮಾಡಿಕೊಳ್ಳಲಾಗದು.

ಸಂಪ್ರದಾಯ: ಜನರ ನಡವಳಿಕೆಗೆ ಶಾಸ್ತ್ರಕಾರರು ಕೊಟ್ಟ ಸ್ಥಾನ

'ಸಂಪ್ರದಾಯ' ಎಂಬ ಪದದ ಮೂಲಾರ್ಥ ಚೆನ್ನಾಗಿ ಕೊಡುವುದು, ಒಪ್ಪಿಸುವುದು. ಅದು ನಿಂತ ವಸ್ತುವಲ್ಲ, ಕೈಯಿಂದ ಕೈಗೆ ದಾಟುವ ಕ್ರಿಯೆ. ಹಾಗಾಗಿ ಅದಕ್ಕೆ ಕೊಡುವವರೂ ಬೇಕು, ತೆಗೆದುಕೊಳ್ಳುವವರೂ ಬೇಕು.

ಜಾನಪದ ವಿದ್ವಾಂಸರು ಅಷ್ಟಾಗಿ ಬಳಸಿಕೊಳ್ಳದ ಒಂದು ಚರ್ಚೆ ಪೂರ್ವಮೀಮಾಂಸೆಯಲ್ಲಿದೆ. ಜೈಮಿನಿಯ ಸೂತ್ರಗಳ ಮೊದಲ ಅಧ್ಯಾಯದ ಮೂರನೆಯ ಪಾದದಲ್ಲಿ ಬರುವ ಈ ಭಾಗವನ್ನು ಹೋಲಾಕಾಧಿಕರಣವೆಂದು ಕರೆಯುತ್ತಾರೆ. ಹೋಲಾಕಾ ಎಂಬುದು ಪೂರ್ವದೇಶದವರು ಆಚರಿಸುತ್ತಿದ್ದ ವಸಂತದ ಹಬ್ಬ, ಇಂದಿನ ಹೋಳಿಯ ಹಿಂದಿನ ರೂಪ. ಇಂಥ ಪ್ರಾದೇಶಿಕ ಆಚರಣೆಗೆ ನೇರವಾದ ವೇದವಾಕ್ಯ ದೊರೆಯುವುದಿಲ್ಲ. ಆದರೆ ಶಿಷ್ಟರು ಅದನ್ನು ಧರ್ಮವೆಂದು ಆಚರಿಸುತ್ತಾರೆ. ಆದ್ದರಿಂದ ಅದಕ್ಕೆ ಮೂಲವಾದ ವೇದವಾಕ್ಯವೊಂದು ಇದ್ದಿರಬೇಕೆಂದು ಊಹಿಸಬೇಕಾಗುತ್ತದೆ. ಹಾಗೆ ಊಹಿಸಿದ ವಾಕ್ಯವು ಆ ಪ್ರದೇಶದವರಿಗೆ ಮಾತ್ರ ಅನ್ವಯಿಸುತ್ತದೆಯೇ, ಎಲ್ಲರಿಗೂ ಅನ್ವಯಿಸುತ್ತದೆಯೇ ಎಂಬುದು ಅಲ್ಲಿನ ಪ್ರಶ್ನೆ. ಎಲ್ಲರಿಗೂ ಅನ್ವಯಿಸುತ್ತದೆ ಎಂಬುದು ಸಿದ್ಧಾಂತ. ಇಲ್ಲಿ ವಾದದ ದಿಕ್ಕನ್ನು ನೋಡಬೇಕು. ಗ್ರಂಥದಿಂದ ಆಚರಣೆ ಹುಟ್ಟಿತೆಂದು ಹೇಳುತ್ತಲೇ, ಕಣ್ಣೆದುರಿನ ಆಚರಣೆಯಿಂದ ಕಾಣದ ಗ್ರಂಥವನ್ನು ಊಹಿಸಲಾಗುತ್ತಿದೆ. ಇದರ ಇನ್ನೊಂದು ಮಗ್ಗುಲೂ ಉಂಟು. ಪ್ರತ್ಯಕ್ಷ ಶ್ರುತಿಗೆ ವಿರುದ್ಧವಾದ ಸ್ಮೃತಿಯನ್ನು ಮೀಮಾಂಸಕರು ಒಪ್ಪುವುದಿಲ್ಲ. ಯಾರ ಆಚಾರ ಶಿಷ್ಟಾಚಾರ ಎಂಬುದನ್ನು ತೀರ್ಮಾನಿಸುವವರೂ ಅವರೇ.

ಆಪಸ್ತಂಬನ ಧರ್ಮಸೂತ್ರದ ಕೊನೆಯ ಭಾಗ ಇನ್ನೂ ಕುತೂಹಲಕರ. ಸ್ತ್ರೀಯರಲ್ಲಿಯೂ ಶೂದ್ರರಲ್ಲಿಯೂ ಇರುವ ವಿದ್ಯೆಯು ವಿದ್ಯೆಯ ಕೊನೆಯ ಹಂತವೆಂದು ಅಲ್ಲಿ ಹೇಳಲಾಗಿದೆ. ಗ್ರಂಥದಲ್ಲಿ ಹೇಳದೆ ಉಳಿದ ಧರ್ಮಗಳನ್ನು ಸ್ತ್ರೀಯರಿಂದಲೂ ಎಲ್ಲ ವರ್ಣದವರಿಂದಲೂ ತಿಳಿದುಕೊಳ್ಳಬೇಕೆಂದು ಕೆಲವರ ಮತವಿರುವುದನ್ನು ಗ್ರಂಥವು ದಾಖಲಿಸುತ್ತದೆ. ಅದೇ ಪರಂಪರೆಯ ಗೃಹ್ಯಸೂತ್ರವು ವಿವಾಹದ ಕೆಲವು ವಿಧಿಗಳನ್ನು ಸ್ತ್ರೀಯರಿಂದ ಕೇಳಿ ತಿಳಿಯಬೇಕೆನ್ನುತ್ತದೆ. ಹಾಗೆಂದ ಮೇಲೆ ನಮ್ಮ ಮುತ್ತೈದೆಯರ ಅರಿಶಿನದ ಶಾಸ್ತ್ರವನ್ನು ಶಾಸ್ತ್ರವೆಂದು ಕರೆಯುವುದರಲ್ಲಿ ಯಾವ ಅಪಚಾರವೂ ಇಲ್ಲ. ಶಾಸ್ತ್ರಕ್ಕಿಂತ ರೂಢಿಯೇ ಬಲವತ್ತರ ಎಂಬ ಪಂಡಿತರ ನಾಣ್ಣುಡಿಯೂ, ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎಂಬ ಜನಪದರ ಗಾದೆಯೂ ಒಂದೇ ಅನುಭವದ ಎರಡು ಉಚ್ಚಾರಗಳು.

ಗುರು: ದಾಟಿಸುವವನು, ಪರೀಕ್ಷಿಸುವವನು

ಸಂಪ್ರದಾಯವು ದಾಟುವ ಕ್ರಿಯೆಯಾದರೆ ಅದನ್ನು ದಾಟಿಸುವವನು ಗುರು. ಬೃಹದಾರಣ್ಯಕೋಪನಿಷತ್ತಿನಲ್ಲಿ 'ವಂಶ'ಗಳೆಂಬ ಭಾಗಗಳಿವೆ. ಇವು ಯಾವ ವಿದ್ಯೆ ಯಾರಿಂದ ಯಾರಿಗೆ ಬಂತು ಎಂಬ ಗುರುಶಿಷ್ಯರ ಹೆಸರುಗಳ ಉದ್ದನೆಯ ಪಟ್ಟಿಗಳು. ತತ್ತ್ವವಿಚಾರದ ದೃಷ್ಟಿಯಿಂದ ಇವು ನೀರಸವೆನಿಸಬಹುದು. ಆದರೆ ಮೌಖಿಕ ಸಮಾಜದಲ್ಲಿ ಇಂಥ ಪಟ್ಟಿಯೇ ಆಧಾರಪತ್ರ. ವಿದ್ಯೆಯನ್ನು ಪಡೆಯಬೇಕಾದವನು ಶ್ರೋತ್ರಿಯನೂ ಬ್ರಹ್ಮನಿಷ್ಠನೂ ಆದ ಗುರುವಿನ ಬಳಿಗೆ ಹೋಗಬೇಕೆಂದು ಮುಂಡಕೋಪನಿಷತ್ತು ವಿಧಿಸುತ್ತದೆ. ಇಲ್ಲಿ ಎರಡು ಅರ್ಹತೆಗಳಿವೆ: ಕೇಳಿ ಕಲಿತಿರಬೇಕು, ಕಲಿತದ್ದರಲ್ಲಿ ನೆಲೆ ನಿಂತಿರಬೇಕು.

ಶಂಕರಾಚಾರ್ಯರು ಗೀತೆಯ ಹದಿಮೂರನೆಯ ಅಧ್ಯಾಯದ ಭಾಷ್ಯದಲ್ಲಿ ಆಡಿರುವ ಮಾತು ಈ ದೃಷ್ಟಿಯಿಂದ ಮುಖ್ಯವಾದುದು. ಸಂಪ್ರದಾಯವನ್ನು ಅರಿಯದವನು ಸರ್ವಶಾಸ್ತ್ರಗಳನ್ನು ಬಲ್ಲವನಾದರೂ ಅವನನ್ನು ಮೂರ್ಖನಂತೆ ಉಪೇಕ್ಷಿಸಬೇಕು ಎಂಬುದು ಅದರ ಸಾರ. ಶಾಸ್ತ್ರಪ್ರಾಮಾಣ್ಯವನ್ನು ಎತ್ತಿ ಹಿಡಿದ ಆಚಾರ್ಯರೇ ಗುರುಪರಂಪರೆಯಿಂದ ಬೇರ್ಪಟ್ಟ ಗ್ರಂಥಜ್ಞಾನಕ್ಕೆ ಬೆಲೆಯಿಲ್ಲವೆಂದು ಹೇಳಿದ್ದಾರೆ. ಶಾಸ್ತ್ರ, ಸಂಪ್ರದಾಯ, ಗುರು ಎಂಬ ಮೂರು ಮೆಟ್ಟಿಲುಗಳ ಚಿತ್ರವನ್ನು ಇಲ್ಲಿಗೆ ಕೈಬಿಡಬಹುದು. ಒಲೆಯ ಮೂರು ಗುಂಡುಗಳಂತೆ ಒಂದನ್ನು ತೆಗೆದರೆ ಉಳಿದೆರಡರ ಮೇಲೆ ಮಡಕೆ ನಿಲ್ಲುವುದಿಲ್ಲ.

ಮಂಟೇಸ್ವಾಮಿ ಪರಂಪರೆಯ ನಿದರ್ಶನ

ಮೇಲೆ ಹೇಳಿದ್ದೆಲ್ಲ ಸಂಸ್ಕೃತ ಗ್ರಂಥಗಳ ಮಾತಾಯಿತು. ಗ್ರಂಥವೇ ಇಲ್ಲದ ಪರಂಪರೆಯಲ್ಲಿ ಈ ಮೂರರ ಸಂಬಂಧ ಹೇಗಿರುತ್ತದೆ ಎಂಬುದನ್ನು ಈಗ ನೋಡಬಹುದು.

ಮಂಡ್ಯ, ಮೈಸೂರು, ಚಾಮರಾಜನಗರ ಜಿಲ್ಲೆಗಳಲ್ಲಿ ಮಂಟೇಸ್ವಾಮಿಯ ಒಕ್ಕಲು ಹರಡಿಕೊಂಡಿದೆ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ ಮಂಟೇಸ್ವಾಮಿಯ ಗದ್ದುಗೆ, ಕಾವೇರಿ ದಡದ ಕಪ್ಪಡಿಯಲ್ಲಿ ರಾಚಪ್ಪಾಜಿಯ ಗದ್ದುಗೆ, ಕೊಳ್ಳೇಗಾಲ ಸೀಮೆಯ ಚಿಕ್ಕಲ್ಲೂರಿನಲ್ಲಿ ಸಿದ್ದಪ್ಪಾಜಿಯ ಗದ್ದುಗೆ ಇವೆ. ಕಪ್ಪಡಿಯ ಜಾತ್ರೆ ಶಿವರಾತ್ರಿಯಿಂದಲೂ ಚಿಕ್ಕಲ್ಲೂರಿನ ಜಾತ್ರೆ ಬನದ ಹುಣ್ಣಿಮೆಯ ಚಂದ್ರಮಂಡಲೋತ್ಸವದಿಂದಲೂ ಆರಂಭವಾಗುತ್ತವೆ. ಕಂಡಾಯವು ಈ ಪರಂಪರೆಯ ಲಾಂಛನ, ಕಪ್ಪು ಧೂಳ್ತ ಇದರ ಪ್ರಸಾದ. ದೀಕ್ಷೆ ಪಡೆದ ಗಾಯಕರನ್ನು ನೀಲಗಾರರೆಂದು ಕರೆಯುತ್ತಾರೆ. ಇವರಲ್ಲಿ ಹೆಚ್ಚಿನವರು ದಲಿತ ಸಮುದಾಯಕ್ಕೆ ಸೇರಿದವರಾದರೂ ಇತರ ಸಮುದಾಯದವರೂ ಇದ್ದಾರೆ. ತಂಬೂರಿ, ಗಗ್ಗರ, ತಾಳಗಳೊಡನೆ ಇವರು ಇಡೀ ರಾತ್ರಿ ಹಾಡುವ ಕಾವ್ಯವೇ ಈ ಒಕ್ಕಲಿನ ಶಾಸ್ತ್ರ. ಹುಟ್ಟು, ಸಾವು, ಹರಕೆ, ಗೃಹಪ್ರವೇಶ, ಜಾತ್ರೆ ಈ ಎಲ್ಲ ಸಂದರ್ಭಗಳಲ್ಲಿ ಒಕ್ಕಲಿನವರಿಗೆ ನಡೆಯ ಆಧಾರ ಅದರಲ್ಲಿಯೇ ದೊರೆಯುತ್ತದೆ.

ಕಾವ್ಯದ ವಸ್ತುವೇ ಗುರುತ್ವದ ಪರೀಕ್ಷೆ. 'ಧರೆಗೆ ದೊಡ್ಡವರು' ಎಂದು ಹೆಸರಾದ ಮಂಟೇಸ್ವಾಮಿಯು ಹೇಸಿಗೆ ಹುಟ್ಟಿಸುವ ವೇಷದಲ್ಲಿ ಕಲ್ಯಾಣಪಟ್ಟಣಕ್ಕೆ ಬರುತ್ತಾನೆ. ಶರಣರೆಂದು ಹೇಳಿಕೊಳ್ಳುವವರಲ್ಲಿ ನಿಜವಾದ ಶರಣರೆಷ್ಟು ಎಂದು ತಿಳಿಯುವುದೇ ಅವನ ಉದ್ದೇಶ. ಬಾಗಿಲಲ್ಲಿಯೇ ಅವನನ್ನು ತಡೆಯಲಾಗುತ್ತದೆ. ಲಾಂಛನ ಧರಿಸಿದ ಲಕ್ಷಾಂತರ ಜಂಗಮರು ಅವನನ್ನು ಗುರುತಿಸಲಾರದೆ ಹೋಗುತ್ತಾರೆ. ಬಸವಣ್ಣ, ನೀಲಮ್ಮ ಗುರುತಿಸುತ್ತಾರೆ. ಹನ್ನೆರಡನೆಯ ಶತಮಾನದ ವಚನ ಚಳವಳಿಯು ಶಾಸ್ತ್ರದ ಅಧಿಕಾರವನ್ನು ಪ್ರಶ್ನಿಸಿ ಗುರು, ಲಿಂಗ, ಜಂಗಮಗಳನ್ನು ನೆಲೆಗೊಳಿಸಿತಷ್ಟೆ. ಅದೂ ಕಾಲಾಂತರದಲ್ಲಿ ಲಾಂಛನಕ್ಕೆ ಇಳಿದಾಗ ಅದನ್ನು ಪ್ರಶ್ನಿಸುವ ಕೆಲಸವನ್ನು ಈ ಕಾವ್ಯ ಕೈಗೆತ್ತಿಕೊಂಡಿದೆ. ಸಂಪ್ರದಾಯವೆಂದರೆ ವಿಮರ್ಶೆಯಿಲ್ಲದ ಒಪ್ಪಿಗೆ ಎಂಬ ಗ್ರಹಿಕೆ ತಪ್ಪೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಮುಂದಿನ ಭಾಗದಲ್ಲಿ ಗುರು ಶಿಷ್ಯನನ್ನು ಅರಸುತ್ತಾನೆ. ನಿಡುಘಟ್ಟದ ಪಾಂಚಾಳ ಮನೆತನದ ಕೆಂಪಾಚಾರಿಯನ್ನು ಮಂಟೇಸ್ವಾಮಿ ಶಿಶುಮಗನಾಗಿ ಕೇಳುತ್ತಾನೆ. ಮನೆಯವರು ಒಪ್ಪುವುದಿಲ್ಲ. ಗುರು ಬಿಡುವುದಿಲ್ಲ. ಕೆಂಪಾಚಾರಿ ಕಠಿಣ ಯಾತನೆಗಳನ್ನು ದಾಟಿ ಸಿದ್ದಪ್ಪಾಜಿಯಾಗುತ್ತಾನೆ. ಅನಂತರ ಗುರುವಿನ ಅಪ್ಪಣೆಯಂತೆ ಕಬ್ಬಿಣದ ಭಿಕ್ಷೆಗಾಗಿ ಹಲಗೂರಿನ ಪಾಂಚಾಳರ ಬಳಿಗೆ, ಎಂದರೆ ತನ್ನದೇ ಕುಲದವರ ಬಳಿಗೆ, ಹೋಗುತ್ತಾನೆ. ಅವರು ಅವನನ್ನು ಪವಾಡಗಳಿಗೆ ಒಡ್ಡುತ್ತಾರೆ. ಇಲ್ಲಿ ಕುಲದ ಸಂಬಂಧವನ್ನು ಗುರುವಿನ ಸಂಬಂಧ ಮೀರುತ್ತದೆ. ಆದರೆ ಅದಕ್ಕಾಗಿ ತೆತ್ತ ಬೆಲೆಯನ್ನು ಕಾವ್ಯ ಮರೆಮಾಚುವುದಿಲ್ಲ. ಮಗನನ್ನು ಕಳೆದುಕೊಳ್ಳುವ ತಾಯಿಯ ದುಃಖವನ್ನು ನೀಲಗಾರರು ಹಾಡುವಾಗ ಕೇಳುಗರ ಕಣ್ಣು ಒದ್ದೆಯಾಗುವುದನ್ನು ನಾನು ಹಲವು ಸಲ ಕಂಡಿದ್ದೇನೆ. ಗುರುವನ್ನು ದೈವವೆಂದು ನಂಬಿದ ಪರಂಪರೆಯೇ ಗುರುವಿನ ಹಟವನ್ನೂ ಅದರಿಂದಾದ ನೋವನ್ನೂ ಸ್ಪಷ್ಟವಾಗಿ ಹಾಡುತ್ತದೆ.

ಎರಡು ರಾತ್ರಿಗಳ ಪಾಠ

ಇಲ್ಲಿ ನನ್ನ ಕ್ಷೇತ್ರಕಾರ್ಯದ ಆರಂಭದ ದಿನಗಳ ಒಂದು ತಪ್ಪನ್ನು ನಿವೇದಿಸುವುದು ಅಪ್ರಸ್ತುತವಾಗಲಾರದು. ಮಳವಳ್ಳಿ ಸೀಮೆಯ ಹಿರಿಯ ನೀಲಗಾರರೊಬ್ಬರಿಂದ ಕಾವ್ಯದ ಒಂದೇ ಭಾಗವನ್ನು ಎರಡು ಬೇರೆ ಬೇರೆ ರಾತ್ರಿ ಧ್ವನಿಮುದ್ರಿಸಿಕೊಂಡಿದ್ದೆ. ಬರಹಕ್ಕಿಳಿಸಿ ಹೋಲಿಸಿದಾಗ ಎರಡನೆಯ ರಾತ್ರಿಯ ಪಾಠದಲ್ಲಿ ಒಂದು ಪ್ರಸಂಗವೇ ಇರಲಿಲ್ಲ, ಇನ್ನೊಂದು ಎರಡರಷ್ಟು ಬೆಳೆದಿತ್ತು. ಹಸ್ತಪ್ರತಿಶಾಸ್ತ್ರದ ಅಭ್ಯಾಸಬಲದಿಂದ ಅವನ್ನು 'ಲೋಪ' ಎಂದೂ 'ಪ್ರಕ್ಷೇಪ' ಎಂದೂ ಗುರುತು ಹಾಕಿಕೊಂಡು, ಯಾವುದು ಸರಿಯಾದ ಪಾಠವೆಂದು ಅವರನ್ನು ಕೇಳಿದೆ. ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, 'ಎರಡೂ ಸರಿ ಸಾಮಿ. ಮೊನ್ನೆ ಮಗಳ ಕಳ್ಕೊಂಡ ಮನೇಲಿ ಹಾಡ್ದೆ, ಇವತ್ತು ಹರಕೆ ಮನೇಲಿ ಹಾಡ್ದೆ. ಕೇಳೋ ಒಕ್ಕಲು ಬ್ಯಾರೆ ಅಲ್ವಾ?' ಎಂದರು. ಅನಂತರ ಅಚ್ಚಾದ ಪುಸ್ತಕವೊಂದನ್ನು ಅವರ ಕೈಗೆ ಕೊಟ್ಟೆ. ಮೊಮ್ಮಗನಿಂದ ಒಂದೆರಡು ಪುಟ ಓದಿಸಿ ಕೇಳಿ, 'ಕತೆ ಅದೆ. ಗುರುಗಳು ಎಲ್ಲವ್ರೆ?' ಎಂದು ಕೇಳಿದರು.

ಮೊದಲ ಉತ್ತರವು ಮೌಖಿಕ ಕಾವ್ಯದ ಸ್ವರೂಪವನ್ನು ಕುರಿತದ್ದು. ಮಿಲ್ಮನ್ ಪ್ಯಾರಿಯವರು ಯುಗೊಸ್ಲಾವಿಯದಲ್ಲಿ ನಡೆಸಿದ ಕ್ಷೇತ್ರಕಾರ್ಯವನ್ನು ಆಧರಿಸಿ ಆಲ್ಬರ್ಟ್ ಲಾರ್ಡ್ ಅವರು 1960ರಲ್ಲಿ ಪ್ರಕಟಿಸಿದ ಗ್ರಂಥವು, ಮೌಖಿಕ ಕವಿಗೆ ಪ್ರತಿ ಹಾಡಿಕೆಯೂ ಹೊಸ ರಚನೆಯೇ ಎಂಬುದನ್ನು ಸ್ಥಾಪಿಸಿತು. ಇಲ್ಲಿ ವೇದಪರಂಪರೆಗೂ ನೀಲಗಾರ ಪರಂಪರೆಗೂ ಇರುವ ವ್ಯತ್ಯಾಸ ಸ್ಪಷ್ಟವಾಗುತ್ತದೆ. ವೇದಪಾಠಕನು ಅಕ್ಷರವನ್ನು ಕಾಯುತ್ತಾನೆ, ಅರ್ಥವನ್ನು ಭಾಷ್ಯಕಾರನಿಗೆ ಬಿಡುತ್ತಾನೆ. ನೀಲಗಾರನು ಅರ್ಥವನ್ನು ಕಾಯುತ್ತಾನೆ, ಅಕ್ಷರವನ್ನು ಸಂದರ್ಭಕ್ಕೆ ಬಿಡುತ್ತಾನೆ. ಅವನಲ್ಲಿ ಪಾಠಕ, ಭಾಷ್ಯಕಾರ ಇಬ್ಬರೂ ಇದ್ದಾರೆ. ಎರಡನೆಯ ಉತ್ತರಕ್ಕೆ, ಎಂದರೆ ಆ ಪ್ರಶ್ನೆಗೆ, ನಾನು ಮುಂದೆ ಮರಳುತ್ತೇನೆ.

ಅಧಿಕಾರದ ಪ್ರಶ್ನೆ

ಶಾಸ್ತ್ರವು ಗುರುಮುಖದಿಂದಲೇ ಬರಬೇಕೆಂದ ಮೇಲೆ, ಯಾರು ಗುರುವಿನ ಬಳಿಗೆ ಹೋಗಬಹುದು ಎಂಬ ಪ್ರಶ್ನೆ ಏಳುತ್ತದೆ. ಇದನ್ನು ಶಾಸ್ತ್ರಪರಿಭಾಷೆಯಲ್ಲಿ ಅಧಿಕಾರವೆನ್ನುತ್ತಾರೆ. ಛಾಂದೋಗ್ಯೋಪನಿಷತ್ತಿನ ಸತ್ಯಕಾಮನು ತನ್ನ ಗೋತ್ರವನ್ನರಿಯದೆ, ತಾಯಿ ಜಬಾಲೆ ಹೇಳಿದ ಸತ್ಯವನ್ನೇ ಗುರುವಿಗೆ ಹೇಳಿ ಶಿಷ್ಯತ್ವ ಪಡೆದ. ಆದರೆ ಬ್ರಹ್ಮಸೂತ್ರದ ಅಪಶೂದ್ರಾಧಿಕರಣವು ಶೂದ್ರರಿಗೆ ವೇದಾಧ್ಯಯನದ ಮೂಲಕ ವಿದ್ಯಾಧಿಕಾರವಿಲ್ಲವೆಂದು ತೀರ್ಮಾನಿಸಿತು. ಇತಿಹಾಸ-ಪುರಾಣಗಳನ್ನು ಕೇಳಲು ನಾಲ್ಕು ವರ್ಣದವರಿಗೂ ಅಧಿಕಾರವುಂಟೆಂದು ಶಂಕರರು ಅಲ್ಲಿಯೇ ಹೇಳಿದ್ದಾರೆ. ಗುರುಪರಂಪರೆಯ ಕಾವಲು ಜ್ಞಾನವನ್ನು ಉಳಿಸಿದೆ, ಬಹುಸಂಖ್ಯಾತರನ್ನು ಹೊರಗೆ ನಿಲ್ಲಿಸಿಯೂ ಇದೆ. ಈ ಎರಡರಲ್ಲಿ ಒಂದನ್ನು ಮಾತ್ರ ಹೇಳುವುದು ಪ್ರಾಮಾಣಿಕವಾಗಲಾರದು.

ನೀಲಗಾರರ ಪರಂಪರೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಬಾಗಿಲಲ್ಲಿ ತಡೆಯಲ್ಪಟ್ಟವನೇ ಜಗತ್ತಿನ ಗುರು ಎಂದು ಹೇಳುವ ಕಾವ್ಯವನ್ನು ಬಾಗಿಲಲ್ಲಿ ತಡೆಯಲ್ಪಟ್ಟ ಜನ ಶತಮಾನಗಳಿಂದ ತಮ್ಮ ಶಾಸ್ತ್ರವಾಗಿ ಕಾಯ್ದುಕೊಂಡಿದ್ದಾರೆ. ಇವರು ಶಾಸ್ತ್ರ, ಸಂಪ್ರದಾಯ, ಗುರು ಎಂಬ ಚೌಕಟ್ಟನ್ನು ನಿರಾಕರಿಸಲಿಲ್ಲ. ದೀಕ್ಷೆ, ಗುರುವಾಕ್ಯ, ಪರಂಪರೆ ಎಲ್ಲವನ್ನೂ ಉಳಿಸಿಕೊಂಡು ಅಧಿಕಾರದ ಬಾಗಿಲನ್ನು ಮಾತ್ರ ಬೇರೆಡೆ ತೆರೆದರು. ಎಂ.ಎನ್. ಶ್ರೀನಿವಾಸ್ ಅವರು 1952ರಲ್ಲಿ ಪ್ರಕಟವಾದ ಕೊಡವರ ಅಧ್ಯಯನದಲ್ಲಿ ಮುಂದಿಟ್ಟ ಸಂಸ್ಕೃತೀಕರಣದ ಪರಿಕಲ್ಪನೆಯು ಮೇಲಿನವರ ಆಚಾರವನ್ನು ಕೆಳಗಿನವರು ಅನುಸರಿಸುವ ಬಗೆಯನ್ನು ವಿವರಿಸುತ್ತದೆ. ಮಂಟೇಸ್ವಾಮಿ ಪರಂಪರೆಯಲ್ಲಿ ಕಾಣುವುದು ಅನುಸರಣೆಗಿಂತ ಮಿಗಿಲಾದುದು. ಅದು ತನ್ನದೇ ಪ್ರಮಾಣವನ್ನು ಕಟ್ಟಿಕೊಂಡ ಪರಂಪರೆ.

ಆಧುನಿಕ ಕಾಲದಲ್ಲಿ ಈ ಪ್ರಶ್ನೆ ನ್ಯಾಯಾಲಯಗಳಿಗೂ ಬಂದಿದೆ. ಉಡುಪಿಯ ಶಿರೂರು ಮಠದ ಪ್ರಕರಣದಲ್ಲಿ 1954ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಒಂದು ಧರ್ಮದ ಅತ್ಯಗತ್ಯ ಅಂಗ ಯಾವುದೆಂಬುದನ್ನು ಮೊದಲಿಗೆ ಆ ಧರ್ಮದ ಸಿದ್ಧಾಂತಗಳಿಂದಲೇ ತಿಳಿಯಬೇಕೆಂದು ಹೇಳಿತು. ಗುಜರಾತಿನ ಸ್ವಾಮಿನಾರಾಯಣ ಪಂಥದ ಸತ್ಸಂಗಿಗಳು ತಾವು ಹಿಂದೂಗಳಲ್ಲವೆಂದು ವಾದಿಸಿ ತಮ್ಮ ಮಂದಿರಗಳಿಗೆ ಹರಿಜನರ ಪ್ರವೇಶವನ್ನು ತಡೆಯಲು ಯತ್ನಿಸಿದ್ದರು. 1966ರಲ್ಲಿ ಆ ವಾದವನ್ನು ತಳ್ಳಿಹಾಕಿದ ನ್ಯಾಯಾಲಯವು, ಹಿಂದೂ ಧರ್ಮದ ಲಕ್ಷಣವನ್ನು ಹೇಳಲು ಬಾಲಗಂಗಾಧರ ತಿಲಕರ ಸೂತ್ರವನ್ನು ಉದ್ಧರಿಸಿತು. ವೇದಗಳಲ್ಲಿ ಪ್ರಾಮಾಣ್ಯಬುದ್ಧಿ ಎಂಬುದು ಆ ಸೂತ್ರದ ಮೊದಲ ಅಂಶ, ಸಾಧನೆಯ ಮಾರ್ಗಗಳು ಹಲವೆಂಬುದು ಅದರ ಮುಂದಿನ ಅಂಶ. ವೇದದ ಹೆಸರನ್ನೂ ಎತ್ತದೆ ಗದ್ದುಗೆಗೆ ನಡೆದುಕೊಳ್ಳುವ ಒಕ್ಕಲಿಗೆ ಈ ಎರಡರಲ್ಲಿ ಎರಡನೆಯ ಅಂಶ ಸಲೀಸಾಗಿ ಹೊಂದುತ್ತದೆ. ಮೊದಲನೆಯದನ್ನು ಹೊಂದಿಸಬೇಕಾದರೆ ಮೀಮಾಂಸಕರ ಊಹೆಯ ಜಾಣ್ಮೆಯೇ ಬೇಕಾದೀತು.

ಚಿಕ್ಕಲ್ಲೂರಿನ ಪಂಕ್ತಿಸೇವೆಯ ವಿವಾದ ಇದಕ್ಕೆ ಹತ್ತಿರದ ಉದಾಹರಣೆ. ಜಾತ್ರೆಗೆ ಬಂದ ಒಕ್ಕಲಿನವರು ತಮ್ಮ ತಮ್ಮ ಬಿಡಾರಗಳಲ್ಲಿ ಮಾಂಸದಡುಗೆ ಮಾಡಿ, ಸಿದ್ದಪ್ಪಾಜಿಗೆ ಎಡೆಯಿಟ್ಟು, ಜಾತಿಭೇದವಿಲ್ಲದೆ ಸಾಲಾಗಿ ಕುಳಿತು ಉಣ್ಣುವುದಕ್ಕೆ ಪಂಕ್ತಿಸೇವೆಯೆಂದು ಹೆಸರು. 1959ರ ಪ್ರಾಣಿಬಲಿ ನಿಷೇಧ ಕಾಯಿದೆಯ ಆಧಾರದ ಮೇಲೆ ಇದನ್ನು ತಡೆಯುವ ಯತ್ನಗಳು ನಡೆದಾಗ, ಇದು ಬಲಿಯಲ್ಲ, ಸಹಭೋಜನ ಎಂಬುದು ಒಕ್ಕಲಿನವರ ವಾದವಾಗಿತ್ತು. ಪ್ರಾಣಿದಯೆಯ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಲಾಗದು. ಆದರೆ ಆಚರಣೆಯೊಂದರ ಅರ್ಥವೇನು ಎಂಬುದನ್ನು ಮೊದಲು ಆ ಪರಂಪರೆಯ ಶಾಸ್ತ್ರವನ್ನೂ ಗುರುಗಳನ್ನೂ ಕೇಳಿ ತಿಳಿಯಬೇಕೆಂಬ ನಿಯಮವು ಮಠಗಳಿಗೆ ಸಲ್ಲುವುದಾದರೆ ಗದ್ದುಗೆಗಳಿಗೂ ಸಲ್ಲಬೇಕು. ಆ ಶಾಸ್ತ್ರ ಗ್ರಂಥರೂಪದಲ್ಲಿಲ್ಲ ಎಂಬ ಒಂದೇ ಕಾರಣಕ್ಕೆ ಅದು ಇಲ್ಲವೆಂದು ಭಾವಿಸುವುದು ನ್ಯಾಯವಲ್ಲ.

ಅಚ್ಚಾದ ಪಠ್ಯ ಮತ್ತು ಗುರುವಿನ ಗೈರುಹಾಜರಿ

ಗ್ರಂಥರೂಪ ಕೊಡುವ ಕೆಲಸ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಆರಂಭವಾಯಿತು. ಪಿ.ಕೆ. ರಾಜಶೇಖರ ಅವರು 1973ರಲ್ಲಿ ಮಲೆಯ ಮಾದೇಶ್ವರ ಕಾವ್ಯವನ್ನು ಪ್ರಕಟಿಸಿದಾಗ ಕನ್ನಡದಲ್ಲಿ ಜನಪದ ಮಹಾಕಾವ್ಯವಿದೆ ಎಂಬುದು ವಿದ್ವತ್ ಲೋಕಕ್ಕೆ ಮನವರಿಕೆಯಾಯಿತು. ಜೀ.ಶಂ. ಪರಮಶಿವಯ್ಯನವರ ಕ್ಷೇತ್ರಕಾರ್ಯ ದಕ್ಷಿಣ ಕರ್ನಾಟಕದ ವೃತ್ತಿಗಾಯಕ ಪರಂಪರೆಗಳತ್ತ ಗಮನ ಸೆಳೆಯಿತು. 1991ರಲ್ಲಿ ಸ್ಥಾಪನೆಯಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯವೂ ಜನಪದ ಮಹಾಕಾವ್ಯಗಳನ್ನು ಪ್ರಕಟಿಸಿತು. ಈ ಕೆಲಸ ಆಗದೇ ಹೋಗಿದ್ದರೆ ಎಷ್ಟೋ ಹಾಡುಗಳು ಹಾಡುಗಾರರೊಂದಿಗೇ ಮಣ್ಣಾಗುತ್ತಿದ್ದವು. ವೇದಕ್ಕೂ ಇಂಥದೇ ಚರಿತ್ರೆಯಿದೆ. ಹದಿನಾಲ್ಕನೆಯ ಶತಮಾನದಲ್ಲಿ ವಿಜಯನಗರದ ಆಶ್ರಯದಲ್ಲಿ ರಚಿತವಾದ ಸಾಯಣಭಾಷ್ಯದೊಡನೆ ಋಗ್ವೇದವನ್ನು ಮ್ಯಾಕ್ಸ್ ಮುಲ್ಲರ್ 1849ರಿಂದ 1874ರವರೆಗೆ ಅಚ್ಚು ಹಾಕಿಸಿದರು. ಅಂದಿನಿಂದ ವೇದ ಎಂದರೆ ಪುಸ್ತಕ ಎಂಬ ಭಾವನೆ ವಿದ್ಯಾವಂತರಲ್ಲಿ ಬೇರೂರಿತು.

ಅಚ್ಚು ಅಧಿಕಾರದ ಬಾಗಿಲನ್ನು ತೆರೆಯಿತೆಂಬುದು ಅದರ ದೊಡ್ಡ ಉಪಕಾರ. ಇಂದು ಯಾರು ಬೇಕಾದರೂ ಉಪನಿಷತ್ತನ್ನು ಓದಬಹುದು. ಯಾರು ಬೇಕಾದರೂ ಮಂಟೇಸ್ವಾಮಿ ಕಾವ್ಯವನ್ನು ಓದಬಹುದು. ಆದರೆ ಹಿರಿಯ ನೀಲಗಾರರು ಕೇಳಿದ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಪುಸ್ತಕದಲ್ಲಿ ಕತೆಯಿದೆ, ಯಾವ ಗುರುವಿನಿಂದ ಬಂತು ಎಂಬುದಿಲ್ಲ. ಯಾವ ಮನೆಯಲ್ಲಿ, ಯಾವ ದುಃಖದ ಅಥವಾ ಸಂತೋಷದ ರಾತ್ರಿಯಲ್ಲಿ ಹಾಡಿದ್ದೆಂಬುದೂ ಇಲ್ಲ. ಬೃಹದಾರಣ್ಯಕದ ವಂಶಪಟ್ಟಿಗಳು ಏಕೆ ಬೇಕಾಗಿದ್ದವು ಎಂಬುದು ನನಗೆ ಸರಿಯಾಗಿ ಅರ್ಥವಾದದ್ದು ಆ ಪ್ರಶ್ನೆಯ ನಂತರ.

ಇನ್ನೊಂದು ಬೆಳವಣಿಗೆಯನ್ನೂ ಗಮನಿಸಬೇಕು. ಎಳೆಯ ಗಾಯಕರಲ್ಲಿ ಕೆಲವರು ಈಗ ಅಚ್ಚಾದ ಪಠ್ಯದಿಂದಲೂ ಧ್ವನಿಮುದ್ರಿಕೆಗಳಿಂದಲೂ ಕಲಿಯುತ್ತಿದ್ದಾರೆ. ಹಿರಿಯರ ಹಾಡು ಪುಸ್ತಕದ ಪಾಠಕ್ಕೆ ಹೊಂದದಿದ್ದರೆ ಹಿರಿಯರದೇ ತಪ್ಪೆಂದು ಭಾವಿಸುವುದನ್ನೂ ನೋಡಿದ್ದೇನೆ. ಸಂಗ್ರಾಹಕನು ಒಂದು ರಾತ್ರಿ ಕೇಳಿ ಬರೆದುಕೊಂಡದ್ದು ಹೀಗೆ ಎಲ್ಲ ರಾತ್ರಿಗಳಿಗೂ ಪ್ರಮಾಣವಾಗುತ್ತಿದೆ. ವೇದಿಕೆಯ ಮೇಲೆ ಹತ್ತು ನಿಮಿಷದ ಪ್ರದರ್ಶನಕ್ಕೆ ಕತ್ತರಿಸಿದ ಹಾಡು 'ಶಾಸ್ತ್ರಕ್ಕೆ' ಉಂಡ ತುತ್ತಿನಂತಾಗುತ್ತಿದೆ. ಜಾನಪದ ವಿದ್ವಾಂಸರಾದ 우리ವು ಅರಿಯದೆಯೇ ಹೊಸ ಶಾಸ್ತ್ರಕಾರರಾಗಿದ್ದೇವೆ. ಅದರ ಹೊಣೆಯನ್ನೂ ಒಪ್ಪಿಕೊಳ್ಳಬೇಕಾಗುತ್ತದೆ.

ಸಮಾರೋಪ

ಒಟ್ಟಾರೆಯಾಗಿ ನೋಡಿದಾಗ, ಹಿಂದೂ ಧರ್ಮವೆಂಬ ಹೆಸರಿನಡಿ ಬಾಳುತ್ತಿರುವ ಹಲವು ಪರಂಪರೆಗಳಲ್ಲಿ ಶಾಸ್ತ್ರದ ಪ್ರಾಮಾಣ್ಯವು ಗ್ರಂಥದಲ್ಲಿ ಮಾತ್ರ ನೆಲೆಸಿಲ್ಲ. ಸಮುದಾಯವೊಂದು ಅದನ್ನು ನಡೆಯಲ್ಲಿ ಉಳಿಸಿಕೊಂಡಾಗ, ಬಲ್ಲ ಗುರುವೊಬ್ಬರು ಅದನ್ನು ಅರ್ಹನಾದವನಿಗೆ ಒಪ್ಪಿಸಿದಾಗ ಶಾಸ್ತ್ರವು ಪ್ರಮಾಣವಾಗುತ್ತದೆ. ವೈದಿಕ ಪರಂಪರೆ ಇದನ್ನು ತನ್ನ ಗ್ರಂಥಗಳಲ್ಲಿ ಹೇಳಿಕೊಂಡಿದೆ. ನೀಲಗಾರ ಪರಂಪರೆ ಗ್ರಂಥವಿಲ್ಲದೆಯೇ ಬಾಳಿ ತೋರಿಸಿದೆ. ಇವೆರಡರ ನಡುವಣ ಭೇದವನ್ನು ಹಿರಿದು-ಕಿರಿದು ಎಂಬ ಅಳತೆಯಿಂದ ಅಳೆಯುವುದು ಸಾಧುವಲ್ಲ. ಕಾಯುವ ಬಗೆ ಬೇರೆ, ಅಧಿಕಾರದ ಬಾಗಿಲು ಬೇರೆ, ಅಷ್ಟೆ. ಗುರುವಿನ ಅಧಿಕಾರವೂ ಪ್ರಶ್ನಾತೀತವಲ್ಲ ಎಂಬ ಎಚ್ಚರ ಇವೆರಡರೊಳಗೂ ಇದೆ.

ಈ ತಿಳಿವಳಿಕೆಯಿಂದ ನಮ್ಮ ಕೆಲಸದಲ್ಲಿ ಕೆಲವು ಬದಲಾವಣೆಗಳು ಆಗಬೇಕು. ಮೌಖಿಕ ಪಠ್ಯವನ್ನು ಪ್ರಕಟಿಸುವಾಗ ಹಾಡಿದವರ ಹೆಸರಿನ ಜೊತೆಗೆ ಅವರ ಗುರುಪರಂಪರೆಯನ್ನೂ, ಹಾಡಿದ ಸಂದರ್ಭವನ್ನೂ ದಾಖಲಿಸಬೇಕು. ಹಲವು ಪಾಠಗಳನ್ನು ಬೆರೆಸಿ ಒಂದು 'ಶುದ್ಧ' ಪಾಠವನ್ನು ಕಟ್ಟುವ ಆಸೆಯನ್ನು ಬಿಡಬೇಕು. ಧ್ವನಿಮುದ್ರಣದ ಪ್ರತಿಗಳು ಹಾಡಿದ ಊರಿಗೂ ಮರಳಬೇಕು. ಕಲಾವಿದರಿಗೆ ವೃದ್ಧಾಪ್ಯದಲ್ಲಿ ಕೊಡುವ ಮಾಸಾಶನದಷ್ಟೇ ಮುಖ್ಯವಾಗಿ, ಅವರು ಒಬ್ಬಿಬ್ಬರು ಶಿಷ್ಯರನ್ನು ಮನೆಯಲ್ಲಿಟ್ಟುಕೊಂಡು ಕಲಿಸಲು ಬೇಕಾದ ನೆರವು ದೊರೆಯಬೇಕು.

ನನ್ನ ಪ್ರಶ್ನೆಗೆ ಉತ್ತರಿಸಿದ ಆ ಹಿರಿಯರು ಈಗಿಲ್ಲ. ಅವರು ಹಾಡಿದ ಎರಡು ರಾತ್ರಿಗಳ ಪಾಠಗಳು ನನ್ನ ಬಳಿ ಇವೆ. 'ಲೋಪ', 'ಪ್ರಕ್ಷೇಪ' ಎಂದು ಅಂಚಿನಲ್ಲಿ ಬರೆದಿದ್ದ ಗುರುತುಗಳನ್ನು ಅಳಿಸಿ, ಅವುಗಳ ಜಾಗದಲ್ಲಿ ಅವರ ಗುರುವಿನ ಹೆಸರನ್ನೂ ಆ ಎರಡು ಮನೆಗಳ ಹೆಸರನ್ನೂ ಬರೆದಿಟ್ಟಿದ್ದೇನೆ. ಅವು ಅಚ್ಚಾಗುವ ದಿನ ಎರಡೂ ಪಾಠಗಳು ಅಕ್ಕಪಕ್ಕದಲ್ಲಿಯೇ ಅಚ್ಚಾಗಬೇಕು.